ಅಪ್ಪನ ಜೀಪಿನ ಎಡ ಮಡ್‌ಗಾರ್ಡ್

ಅಕ್ಕನ ಕಣ್ಣು ಪೂರ್ತಿ ಹೋಗಿ ಎರಡು ವರ್ಷವಾಯಿತು. ಗ್ಲಾಕೋಮಾ. ಮೊದಲು ಅಕ್ಕಪಕ್ಕದ್ದು ಕಾಣದಾಯಿತು, ಆಮೇಲೆ ಎದುರಿನದೂ ಹೋಯಿತು. ಅವಳು ಕಂಪ್ಲಿಯಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ, ನಾನು ಹೊಸಪೇಟೆಯಲ್ಲಿ. ಪ್ರತಿದಿನ ಸಂಜೆ ಐದಕ್ಕೆ ಫೋನಿನಲ್ಲಿ ಮಾತಾಡುತ್ತೇವೆ. ಅವಳಿಗೆ ಎಂಬತ್ತು ದಾಟಿದೆ, ನನಗೆ ಐದು ವರ್ಷ ಕಡಿಮೆ. ಆದರೂ ನಾನಿನ್ನೂ ಅವಳಿಗೆ ಸಣ್ಣಾಕಿಯೇ.

ಕಳೆದ ವರ್ಷ ಒಂದು ಸಂಜೆ ಅವಳು ಫೋನಿನಲ್ಲಿ ತಾನಾಗಿಯೇ ಅಂದಳು:

“ಲೇ ಸಣ್ಣಾಕಿ, ಅಪ್ಪನ ಮುಖ ಕಣ್ಮುಂದ ಬರ್ತೈತಿ. ಅವ್ವನ ಸೀರಿ ಅಂಚು ಸಹಿತ ಬರ್ತೈತಿ. ಆ ಜೀಪು ಮಾತ್ರ ಬರವಲ್ದು ನೋಡು. ಸಪ್ಪಳ ಕೇಳ್ತೈತಿ, ವಾಸ್ನಿ ಬರ್ತೈತಿ. ಆಕಾರ ಇಲ್ಲ.”

“ಜೀಪ್ ಅಂದ್ರ ಜೀಪ ಅಕ್ಕ. ಎಲ್ಲಾ ಒಂದ ಥರ ಇರ್ತಾವು.”

“ನಿನಗ ಒಂದ ಥರ. ನನಗ ಒಮ್ಮೆ ಕೈಯಾಗ ಸಿಕ್ರ ನಮ್ದು ಯಾವ್ದು ಅಂತ ಗುರ್ತು ಹಿಡೀತಿದ್ದೆ.”

ಫೋನ್ ಇಟ್ಟ ಮೇಲೆ ಆ ಮಾತು ನನ್ನನ್ನು ಬಿಡಲಿಲ್ಲ. ಅಕ್ಕ ಜೀವನದಲ್ಲಿ ನನ್ನನ್ನು ಏನೂ ಕೇಳಿದವಳಲ್ಲ. ಇದನ್ನೂ ಕೇಳಿದ್ದಲ್ಲ, ಸುಮ್ಮನೆ ಅಂದದ್ದು. ಆದರೂ ಹೇಗಾದರೂ ಮಾಡಿ ಆ ಜೀಪನ್ನು ಅವಳ ಕೈಯಲ್ಲಿಡಬೇಕು, ನಾನು ಏನೂ ಹೇಳದೆ ಅವಳ ಬೆರಳುಗಳೇ ಅದನ್ನು ಗುರುತು ಹಿಡಿಯಬೇಕು ಅನಿಸಿತು. ಅಷ್ಟೇ ಆಸೆ.

ಅಪ್ಪ ಸಂಡೂರಿನಲ್ಲಿ ಒಂದು ಗಣಿ ಆಫೀಸಿನ ಜೀಪ್ ಡ್ರೈವರ್. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಜೀಪದು, ಸ್ಟಿಯರಿಂಗ್ ಎಡಕ್ಕೆ. ಹಸಿರು ಬಣ್ಣ ಅಂತ ಕಾಗದದಲ್ಲಿ ಇತ್ತಂತೆ, ನಾವು ನೋಡಿದ್ದು ಅದಿರಿನ ಕೆಂಪನ್ನೇ. ಹೊಸಪೇಟೆಯ ಕಾನ್ವೆಂಟಿನ ಸಿಸ್ಟರ್‌ಗಳು ಡ್ರೈವರನ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳನ್ನು ಬೋರ್ಡಿಂಗಿಗೆ ಸೇರಿಸಿಕೊಳ್ಳುತ್ತೇವೆ ಅಂದರು. ಅಕ್ಕ ಆಗಲೇ ದೊಡ್ಡವಳು, ಮನೆಯಲ್ಲಿ ಅವ್ವನಿಗೆ ಕೈ ಬೇಕಿತ್ತು. ಹೀಗೆ ಕಾನ್ವೆಂಟ್ ನನ್ನದಾಯಿತು.

ಪ್ರತಿ ಸೋಮವಾರ ಬೆಳಿಗ್ಗೆ ಅಪ್ಪ ಆಫೀಸಿನ ಟಪಾಲು ತಲುಪಿಸಲು ಹೊಸಪೇಟೆಗೆ ಬರುತ್ತಿದ್ದ, ಜೊತೆಗೆ ನನ್ನನ್ನೂ ಬಿಡುತ್ತಿದ್ದ. ಶಾಲೆಗೆ ಹೋಗುವವಳು ಅಂತ ನನಗೆ ಮುಂದಿನ ಸೀಟು. ಅಕ್ಕ ಹಿಂದೆ, ಗೋಣಿಚೀಲಗಳ ಮೇಲೆ. ಗೇಟಿನಲ್ಲಿ ಅಪ್ಪ ನನ್ನ ಎರಡೂ ಕಂಕುಳಿಗೆ ಕೈಹಾಕಿ ಎತ್ತಿ ಇಳಿಸುತ್ತಿದ್ದ. ನಾನು ಇಳಿದದ್ದೇ ತಡ, ಅಕ್ಕ ಹಿಂದಿನಿಂದ ಒಂದೇ ನೆಗೆತಕ್ಕೆ ಮುಂದಿನ ಸೀಟಿಗೆ ದಾಟುತ್ತಿದ್ದಳು. ಅಪ್ಪ ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾಗಲಿ ಅಂತ ತುಂಬಾ ಹೊತ್ತು ನಿಂತಲ್ಲೇ ಗುರುಗುಟ್ಟಿಸುತ್ತಿದ್ದ. ನಾನು ಗೇಟಿನ ಸರಳು ಹಿಡಿದು ನಿಂತಿರುತ್ತಿದ್ದೆ. ಕಡೆಗೆ ಜೀಪು ಹೊರಡುತ್ತಿತ್ತು. ಹಿಂದಿನ ಸ್ಟೆಪ್ನಿ, ಅದರ ಪಕ್ಕದ ಪೆಟ್ರೋಲ್ ಡಬ್ಬಿ, ಡಬ್ಬಿಯ ಮೇಲಿನಿಂದ ಕಾಣುವ ಅಕ್ಕನ ಎರಡು ಜಡೆ ತಿರುವಿನವರೆಗೂ ಕಾಣುತ್ತಿದ್ದವು, ಆಮೇಲೆ ಬರೀ ಕೆಂಪು ಧೂಳು.

ನನಗೆ ಇಂಗ್ಲಿಷ್ ಸಿಕ್ಕಿತು, ಅವಳಿಗೆ ರಿಟರ್ನ್ ಟ್ರಿಪ್ ಸಿಕ್ಕಿತು. ಆನೆಸ್ಟ್ಲಿ, ಅರವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಹಂಬಲಿಸಿದ್ದು ಆ ರಿಟರ್ನ್ ಟ್ರಿಪ್ಪಿಗಾಗಿ. ಸಂಡೂರಿಗೆ ವಾಪಸ್ ಹೋಗುವ ದಾರಿಯಲ್ಲಿ ಅವರಿಬ್ಬರೂ ಏನು ಮಾತಾಡಿಕೊಳ್ಳುತ್ತಿದ್ದರು? ನಿಲ್ಲಿಸಿ ಎಲ್ಲಿ ಚಹಾ ಕುಡಿಯುತ್ತಿದ್ದರು? ಮಾರ್ನಿಂಗ್ ಪ್ರೇಯರ್‌ನಲ್ಲಿ ಕಣ್ಣು ಮುಚ್ಚಿ ನಿಂತು ನಾನು ಯೋಚಿಸುತ್ತಿದ್ದದ್ದು ಅದನ್ನೇ.

ಆ ಜೀಪಿನದು ಒಂದು ಫೋಟೋ ಕೂಡ ಇಲ್ಲ. ಆದರೆ ಅದೇ ಮಾದರಿಯ ಜೀಪಿನ ಪ್ಲಾಸ್ಟಿಕ್ ಕಿಟ್ ಸಿಗುತ್ತದೆ ಅಂತ ಇಂಟರ್ನೆಟ್ ಹೇಳಿತು. ನಿಜವಾದ ಜೀಪಿನ ಇಪ್ಪತ್ತನಾಲ್ಕನೇ ಒಂದು ಪಾಲು ಉದ್ದ, ಅಂದರೆ ಎರಡು ಅಂಗೈ ತುಂಬುವಷ್ಟು. ಡಬ್ಬಿ ತೆಗೆದರೆ ಬೂದು ಬಣ್ಣದ ಚೌಕಟ್ಟುಗಳಲ್ಲಿ ನೂರಾರು ಚೂರು, ಒಂದು ಪಾರದರ್ಶಕ ಗಾಜಿನಂಥ ವಿಂಡ್‌ಶೀಲ್ಡ್. ಮೂವತ್ತೈದು ವರ್ಷ ಸೈನ್ಸ್ ಹೇಳಿಕೊಟ್ಟು, ಎಕ್ಸಿಬಿಷನ್ನಿಗೆಂದು ಜ್ವಾಲಾಮುಖಿ, ಹೃದಯ, ಅಣೆಕಟ್ಟು ಎಲ್ಲ ಮಾಡಿಸಿದವಳು ನಾನು. ಇದೇನು ಮಹಾ ಅಂದುಕೊಂಡೆ. ಮೊದಲ ವಾರವೇ ವಿಂಡ್‌ಶೀಲ್ಡಿಗೆ ಮಾಮೂಲಿ ಸೂಪರ್ ಗ್ಲೂ ಹಚ್ಚಿದೆ. ಬೆಳಿಗ್ಗೆ ನೋಡಿದರೆ ಗಾಜಿನ ತುಂಬ ಬಿಳಿ ಮಂಜು. ಆ ಗಮ್ಮಿನ ಹಬೆ ಪಾರದರ್ಶಕ ಪ್ಲಾಸ್ಟಿಕ್ಕಿಗೆ ಹಾಗೆ ಹಿಡಿಯುತ್ತದಂತೆ. ಅದು ನನಗೇನು ಗೊತ್ತು? ಉಜ್ಜಿದೆ, ಹೋಗಲಿಲ್ಲ. ಹೊಸ ಕಿಟ್ಟೇ ತರಿಸಬೇಕಾಯಿತು.

ದಾರಿ ತೋರಿಸಿದ್ದು ನನ್ನ ಹಲ್ಲು. ಹುಳುಕು ಹಲ್ಲಿಗೆ ಫಿಲ್ಲಿಂಗ್ ಮಾಡಿಸಲು ಸ್ಟೇಷನ್ ರೋಡಿನ ಹಲ್ಲಿನ ಡಾಕ್ಟರ ಬಳಿ ಹೋಗಿದ್ದೆ. ಅವಳು ನಾಲ್ಕನೇ ಕ್ಲಾಸಿನಲ್ಲಿ ನನ್ನ ಸ್ಟೂಡೆಂಟ್. ಹಲ್ಲಿನ ಗುಳಿಗೆ ಮೆತ್ತನೆಯ ಪೇಸ್ಟ್ ತುಂಬಿ, ಪೆನ್ನಿನಂಥ ಒಂದು ಟಾರ್ಚಿನಿಂದ ನೀಲಿ ಬೆಳಕು ಬಿಟ್ಟಳು. ಅರೆ ನಿಮಿಷ ಕೂಡ ಆಗಲಿಲ್ಲ.

“ಆಯ್ತು ಮಿಸ್, ಬಾಯಿ ಮುಚ್ಚಿ.”

“ಅಷ್ಟೇನಾ? ಒಣಗೋದು ಬೇಡ್ವಾ?”

“ಒಣಗೋದಲ್ಲ ಮಿಸ್, ಬೆಳಕು ಬಿದ್ರೆ ಗಟ್ಟಿಯಾಗತ್ತೆ. ಬೆಳಕು ಬೀಳೋ ತನಕ ಎಷ್ಟು ಹೊತ್ತಾದ್ರೂ ಮೆತ್ತಗೇ ಇರತ್ತೆ. ನಾವು ನಿಧಾನವಾಗಿ ಶೇಪ್ ಮಾಡ್ಕೋಬಹುದು.”

“ಇದು ಪ್ಲಾಸ್ಟಿಕ್ಕಿಗೆ ಆಗತ್ತಾ? ನನ್ನ ಹತ್ರ ಒಂದು ಜೀಪ್ ಇದೆ.”

ಅವಳು ಮಾಸ್ಕ್ ಇಳಿಸಿ ನನ್ನನ್ನೇ ನೋಡಿದಳು. “ಮಿಸ್, ಇಂಜೆಕ್ಷನ್ ಜಾಸ್ತಿ ಆಯ್ತಾ?”

ಎಲ್ಲ ಹೇಳಿದ ಮೇಲೆ ಅವಳೇ ಫೋನಿನಲ್ಲಿ ಹುಡುಕಿ ತೋರಿಸಿದಳು. ಮಾಡೆಲ್ ಮಾಡುವವರಿಗೆಂದೇ ಇಂಥ ಗಮ್ಮು, ಗುಳಿ ತುಂಬಲು ಇಂಥ ಪುಟ್ಟಿ, ಜೊತೆಗೆ ಬೆರಳುದ್ದದ ಟಾರ್ಚು ಇದೆಯಂತೆ. “ಬೆಳಕನ್ನು ನೇರ ನೋಡಬೇಡಿ, ಹಳದಿ ಕನ್ನಡಕ ಹಾಕ್ಕೊಳ್ಳಿ, ಕೈಗೆ ಗ್ಲೌಸ್ ಬೇಕೇ ಬೇಕು” ಅಂತ ಮೂರು ಸಲ ಹೇಳಿ, ಮೂರನೇ ಸಲ ನನ್ನ ಬಾಯಿಂದಲೂ ಹೇಳಿಸಿದಳು. ಒಂದು ಕಾಲದಲ್ಲಿ ನಾನು ಅವಳಿಂದ ಮಗ್ಗಿ ಹೇಳಿಸಿದ್ದಕ್ಕೆ ಪ್ರತೀಕಾರ.

ಆ ಗಮ್ಮು ನನಗೆ ಒಗ್ಗಿತು. ನನ್ನ ವಯಸ್ಸಿಗೆ ಹೇಳಿ ಮಾಡಿಸಿದಂಥದು. ಬೇರೆ ಗಮ್ಮುಗಳು ಅವಸರದವು, ಕೈ ನಡುಗಿದ ಕಡೆಯೇ ಕಚ್ಚಿಕೊಳ್ಳುತ್ತವೆ. ಇದು ಕಾಯುತ್ತದೆ. ವಿಂಡ್‌ಶೀಲ್ಡನ್ನು ಚೌಕಟ್ಟಿನಲ್ಲಿ ಕೂರಿಸು, ಸರಿಸು, ತೆಗೆ, ಕನ್ನಡಕ ಒರೆಸಿಕೊಂಡು ಬಾ, ಮತ್ತೆ ಕೂರಿಸು. ಸರಿಯಾಯಿತು ಅನಿಸಿದಾಗ ಟಾರ್ಚು ಒತ್ತು. ಮಂಜಿಲ್ಲ, ಕಲೆಯಿಲ್ಲ. ಹೆಡ್‌ಲೈಟಿನ ಬಟ್ಟಲಿಗೆ ಅದನ್ನೇ ಒಂದು ತೊಟ್ಟು ಬಿಟ್ಟು ಬೆಳಕು ಹಿಡಿದರೆ ನೀರಿನ ಹನಿ ಹೆಪ್ಪುಗಟ್ಟಿದಂಥ ಗಾಜು. ಒಂದೇ ಎಚ್ಚರ, ಕಿಟಕಿಯ ಬೆಳಕೂ ಬೆಳಕೇ. ನಮ್ಮ ಹೊಸಪೇಟೆಯ ಬಿಸಿಲಿಗೆ ಟಾರ್ಚೇ ಬೇಡ. ಹಾಗಾಗಿ ಕೆಲಸದ ಕೋಣೆಯ ಕಿಟಕಿಗೆ ಅವ್ವನ ಹಳೆಯ ಕೌದಿಯನ್ನು ನೇತುಹಾಕಿದ್ದೆ.

ಮಹಾನವಮಿ ಬಂತು. ನಮ್ಮ ಕಡೆ ಹಬ್ಬಕ್ಕೆ ಮುಂಚೆ ಮನೆಯಲ್ಲಿರುವುದೆಲ್ಲ ಹೊರಗೆ ಬರಬೇಕು. ಹಾಸಿಗೆ, ಕೌದಿ, ಡಬ್ಬಿ, ಪಾತ್ರೆ ಎಲ್ಲ ತೊಳೆದು ಮಾಳಿಗೆಯ ಬಿಸಿಲು ಕಾಣಬೇಕು. ಮನೆಗೆಲಸದಾಕೆ ಇದರಲ್ಲಿ ಭಾರಿ ಕಟ್ಟುನಿಟ್ಟು. ನಾನು ಬ್ಯಾಂಕಿಗೆ ಹೋಗಿ ಬರುವಷ್ಟರಲ್ಲಿ ಕಿಟಕಿಯ ಕೌದಿ ಒಗೆದು ಹರವಿದ್ದಳು. ಅದರ ಪಕ್ಕದಲ್ಲಿ ಉಪ್ಪಿನಕಾಯಿ ಜಾಡಿ, ಅದರ ಪಕ್ಕದಲ್ಲಿ ನನ್ನ ಟ್ರೇ. ಟ್ರೇನಲ್ಲಿ ಜೀಪು, ಜೀಪಿನಲ್ಲಿ ಆಗಷ್ಟೇ ಗಮ್ಮು ಹಚ್ಚಿ ಇನ್ನೂ ನೇರ ಮಾಡದೆ ಬಿಟ್ಟಿದ್ದ ವಿಂಡ್‌ಶೀಲ್ಡು. ಅದು ಕುಡಿದವನ ಟೋಪಿಯಂತೆ ಒಂದು ಕಡೆ ವಾಲಿ ಕಲ್ಲಾಗಿತ್ತು.

“ಅಯ್ಯೋ, ಯಾರು ತಂದಿಟ್ಟಿದ್ದು ಇದನ್ನ?”

“ನಾನ ರೀ ಟೀಚರಮ್ಮ. ನೀವ ಹೇಳಿದ್ರಲ್ಲಾ, ಬೆಳಕು ಬಿದ್ರ ಗಟ್ಟಿ ಆಗ್ತೈತಿ ಅಂತ? ಆ ಸಣ್ಣ ಬ್ಯಾಟರಿ ಹಿಡ್ಕೊಂಡು ನೀವು ಒದ್ದಾಡೋದು ನೋಡಾಕ ಆಗವಲ್ದು. ಒಮ್ಮೆಲೆ ಬಿಸಿಲಿಗಿಟ್ಟೆ. ಹೆಂಗ ಮಸ್ತ್ ಗಟ್ಟಿ ಆಗೈತಿ ನೋಡ್ರಿ, ಅಳ್ಳಾಡಂಗಿಲ್ಲ!”

ಏನು ಬೈಯುವುದು? ಆಕೆಯ ಸೈನ್ಸ್ ಸರಿಯಾಗಿಯೇ ಇತ್ತು. ಪುಣ್ಯಕ್ಕೆ ಆ ಗಮ್ಮು ನುಣುಪಾದ ಗಾಜಿನಿಂದ ಉಗುರಿಗೆ ಎದ್ದು ಬಂತು, ಮತ್ತೆ ಕೂರಿಸಿದೆ.

ಇನ್ನೊಂದು ತಪ್ಪು ಪೂರ್ತಿ ನನ್ನದೇ. ಅಕ್ಕನ ಬೆರಳಿಗೆ ಸಂಡೂರಿನ ಮಣ್ಣು ಸಿಗಲಿ ಅಂತ, ಗಣಿ ಕಡೆಯಿಂದ ಪರಿಚಯದವರು ತಂದುಕೊಟ್ಟ ಕೆಂಪು ಧೂಳನ್ನು ಜರಡಿ ಹಿಡಿದು, ಅದೇ ಗಮ್ಮಿಗೆ ಕಲಸಿ, ಚಕ್ರಗಳ ಮೇಲಿನ ಒಳಮೈಗೆ ದಪ್ಪಗೆ ಮೆತ್ತಿದೆ. ಟಾರ್ಚು ಹಿಡಿದೆ. ಮೇಲೆ ಗಟ್ಟಿಯಾಯಿತು. ಮೂರನೇ ದಿನ ಒತ್ತಿ ನೋಡಿದರೆ ಒಳಗೆ ಹಸಿ, ಕೆಮ್ಮಣ್ಣಿನ ಹುಣ್ಣಿನ ಹಾಗೆ. ಅದಿರಿನ ಧೂಳು ಬೆಳಕನ್ನು ಒಳಗೆ ಬಿಡುವುದಿಲ್ಲ. ಎಲ್ಲ ಕೆರೆದು ತೆಗೆದು, ಕಾಗದದಷ್ಟು ತೆಳುವಾಗಿ ಬಳಿದು, ಮೇಲೆ ಒಣ ಧೂಳನ್ನೇ ಉದುರಿಸಿ ಸರಿಮಾಡಿದೆ.

ನನ್ನ ಹೆಮ್ಮೆ ಇದ್ದದ್ದು ಪುಟ್ಟಿಯ ಕೆಲಸದಲ್ಲಿ. ಇಂಥ ಕಿಟ್ಟುಗಳಲ್ಲಿ ಎರಡು ಚೂರು ಕೂಡುವ ಕಡೆ ಗೆರೆ ಉಳಿಯುತ್ತದೆ, ಅಚ್ಚಿನಲ್ಲಿ ಆರುವಾಗ ಪ್ಲಾಸ್ಟಿಕ್ ಕುಗ್ಗಿದ ಕಡೆ ಸಣ್ಣ ಗುಳಿ ಇರುತ್ತದೆ. ನೋಡುವವರಾದರೆ ಬಣ್ಣದಲ್ಲಿ ಮರೆಸಬಹುದು. ನನ್ನ ಜೀಪನ್ನು ನೋಡುವುದು ಬೆರಳುಗಳು. ಎಡ ಮಡ್‌ಗಾರ್ಡಿನ ಮೇಲೆ, ಹೆಡ್‌ಲೈಟಿನ ಹತ್ತಿರ, ಒಂದು ಗುಳಿ ಎಲ್ಲಕ್ಕಿಂತ ಆಳವಾಗಿತ್ತು. ಒಂದೇ ಸಲ ತುಂಬಿದರೆ ಒಳಗೆ ಹಸಿ ಉಳಿದೀತೆಂದು ನಾಲ್ಕು ತೆಳು ಪದರ ತುಂಬಿದೆ. ಪ್ರತಿ ಪದರಕ್ಕೂ ಬೆಳಕು, ಮೇಲಿನ ಅಂಟು ಸ್ಪಿರಿಟ್ಟಿನಲ್ಲಿ ಒರೆಸುವುದು, ನೀರು ಹಾಕಿ ನಯವಾದ ಪಾಲಿಶ್ ಕಾಗದದಿಂದ ಉಜ್ಜುವುದು. ಕೊನೆಯ ಪದರವನ್ನು ಕಣ್ಣು ಮುಚ್ಚಿಕೊಂಡು ಉಜ್ಜಿದೆ, ಅಕ್ಕನಿಗೆ ಹೇಗೆ ಸಿಗುತ್ತದೋ ಹಾಗೆ ತಿಳಿಯಲಿ ಅಂತ. ಕಡೆಗೆ ಗುಳಿ ಎಲ್ಲಿತ್ತು ಅನ್ನುವುದು ನನ್ನ ಬೆರಳಿಗೇ ಗೊತ್ತಾಗದಾಯಿತು. ಐ ಮಸ್ಟ್ ಅಡ್ಮಿಟ್, ಅವತ್ತು ನನಗೆ ನಾನೇ ವೆರಿ ಗುಡ್ ಕೊಟ್ಟುಕೊಂಡೆ.

ಜೀಪಿನ ಹಿಂಭಾಗವನ್ನಂತೂ ಸ್ಟೆಪ್ನಿ, ಡಬ್ಬಿ, ಡಬ್ಬಿಗೆ ಕಟ್ಟಿದ ಪಟ್ಟಿ ಸಮೇತ ಕಿಟ್ಟಿನ ಚಿತ್ರ ನೋಡದೆಯೇ ಮಾಡಿದೆ. ಅದನ್ನು ನೋಡಿಕೊಂಡು ನಿಂತ ಸೋಮವಾರಗಳು ಕಡಿಮೆಯೇ?

ಸಂಕ್ರಾಂತಿ ಕಳೆದು ಒಂದು ದಿನ ಶೂ ಡಬ್ಬಿಯಲ್ಲಿ ಹಳೆಯ ಕಾಟನ್ ಸೀರೆಯ ಮೆತ್ತೆ ಹಾಕಿ ಜೀಪನ್ನಿಟ್ಟು, ದಾರಿಯಲ್ಲಿ ಏನಾದರೂ ಕಳಚಿದರೆ ಇರಲಿ ಅಂತ ಟಾರ್ಚು, ಗ್ಲೌಸು, ಪುಟ್ಟಿಯ ಟ್ಯೂಬು ಪರ್ಸಿಗೆ ಹಾಕಿಕೊಂಡು, ಕಂಪ್ಲಿ ಬಸ್ಸು ಹತ್ತಿದೆ. ಡಬ್ಬಿಯನ್ನು ತೊಡೆಯ ಮೇಲೆ ಎರಡು ಕೈಯಲ್ಲಿ ಹಿಡಿದದ್ದು ನೋಡಿ ಕಂಡಕ್ಟರ್ ಕೇಳಿದ:

“ಕೇಕ್ ಏನ್ರಿ ಅಮ್ಮ?”

“ಅಲ್ಲಪ್ಪ, ಜೀಪು.”

“ಹೆಣ್ಮಕ್ಳಿಗೆ ಫ್ರೀ ಐತ್ರಿ, ಜೀಪಿಗೆ ಇಲ್ಲ” ಅಂದು ಸೀರಿಯಸ್ಸಾಗಿ ಮುಂದೆ ಹೋದ.

ಕಮಲಾಪುರದಲ್ಲಿ ಹಂಪಿ ನೋಡಲು ಬಂದವರು ಇಳಿದರು, ಬಾಳೆಗೊನೆಗಳು ಹತ್ತಿದವು. ಗಮ್ಮು ಪುಟ್ಟಿ ಒಂದೂ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಕೂತ ಊರಿನ ಪಕ್ಕದಲ್ಲೇ ನಾನು ಈ ಪುಟಾಣಿ ಪ್ಲಾಸ್ಟಿಕ್ಕನ್ನು ಅಲುಗದ ಹಾಗೆ ಹಿಡಿದು ಕೂತಿದ್ದೆ.

ಅಕ್ಕ ಪಡಸಾಲೆಯಲ್ಲಿ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಸೊಸೆ ಚಹಾ ತಂದಿಟ್ಟು, “ಚಿಕ್ಕತ್ತಿ, ಏನೋ ಭಾರಿ ಗುಟ್ಟಿನ ಸಾಮಾನು ತಂದಂಗೈತಿ” ಅಂದು ಬಾಗಿಲ ಬಳಿ ನಿಂತಳು. ನಾನು ಏನೂ ಹೇಳದೆ ಜೀಪನ್ನು ಅಕ್ಕನ ಕೈಗಿಟ್ಟೆ.

ಅವಳ ಬೆರಳು ಮೊದಲು ಚಕ್ರಕ್ಕೆ ತಾಗಿ ನಿಂತವು. ಆಮೇಲೆ ಹಿಂದಕ್ಕೆ ಹೋದವು. ಸ್ಟೆಪ್ನಿ. ಡಬ್ಬಿ. “ಹೂಂ.” ಒಳಗೆ ಸೀಟು. “ಹೂಂ.” ಎಡಕ್ಕೆ ಸ್ಟಿಯರಿಂಗ್. ಅಲ್ಲಿ ಅವಳ ಕಿರುಬೆರಳು ತುಂಬಾ ಹೊತ್ತು ನಿಂತಿತು. ಬಾನೆಟ್ಟಿನ ಮೇಲೆ ಹಾದು ಎಡ ಮಡ್‌ಗಾರ್ಡಿಗೆ ಬಂತು. ಮುಂದಕ್ಕೆ, ಹಿಂದಕ್ಕೆ, ಮತ್ತೆ ಮುಂದಕ್ಕೆ.

“ಚಂದ ಮಾಡೀ. ಆದ್ರ ಇದು ನಮ್ಮ ಜೀಪಲ್ಲ” ಅಂದಳು.

“ಯಾಕ ಅಕ್ಕ? ಏನ್ ತಪ್ಪೈತಿ?”

“ಎಡ ಮಡ್‌ಗಾರ್ಡ್ ನುಣ್ಣಗೈತಿ.”

“ನುಣ್ಣಗ ಇರಬೇಕಲ್ಲ? ಅಲ್ಲೊಂದು ಗುಳಿ ಇತ್ತು, ನಾನ ತುಂಬಿ, ಉಜ್ಜಿ...”

“ಇತ್ತಾ?” ಅಕ್ಕ ನಕ್ಕಳು. “ಇದ್ದದ್ದನ್ನ ಮುಚ್ಚೀ ನೋಡು, ಕಾನ್ವೆಂಟಿನಾಕಿ.”

ಆಮೇಲೆ ಸೊಸೆಯ ಹೆಜ್ಜೆ ಒಳಗೆ ಹೋಯಿತೇ ಅಂತ ಕಿವಿಗೊಟ್ಟು, ದನಿ ತಗ್ಗಿಸಿ ಹೇಳಿದಳು:

“ನಿನ್ನ ಬಿಟ್ಟು ಬರೋ ಮುಂದ ಗುಡ್ಡದ ಈಕಡೆ ನೆಟ್ಟನ ರಸ್ತಾ ಇತ್ತಲ್ಲ, ಅಲ್ಲಿ ಅಪ್ಪ ನನ್ನ ಕೈಯಾಗ ಗಾಡಿ ಕೊಡ್ತಿದ್ದ. ಹಿಂದ ಗೋಣಿಚೀಲ ಒತ್ತು ಕೊಟ್ಟು ಕುಂದ್ರಸ್ತಿದ್ದ, ಕಾಲು ಮುಟ್ಟಲಿ ಅಂತ. ಒಂದು ಸೋಮವಾರ ಮೈಲಗಲ್ಲಿಗೆ ಗುದ್ದಿದೆ. ಅಪ್ಪ ಆಫೀಸಿನ್ಯಾಗ ಎಮ್ಮಿ ಗುದ್ದೇತಿ ಅಂತ ಹೇಳಿದ. ವರ್ಕ್‌ಶಾಪಿನವ್ರು ಬಡದು ನೆಟ್ಟಗ ಮಾಡಿ, ಪುಟ್ಟಿ ಹಚ್ಚಿ, ಬಣ್ಣ ಹೊಡದ್ರು. ಕಣ್ಣಿಗೆ ಏನೂ ಕಾಣ್ತಿದ್ದಿಲ್ಲ. ಬೆರಳಿಗೆ ಮಾತ್ರ ಗೊತ್ತಾಗ್ತಿತ್ತು, ಸಣ್ಣ ತೆರಿ ಇದ್ದಂಗ. ನಾನು ದಿನಾ ಮುಟ್ಟಿ ನೋಡ್ತಿದ್ದೆ.”

ಅಕ್ಕ ಜೀಪು ಓಡಿಸುತ್ತಿದ್ದಳು! ಆ ಎರಡು ಜಡೆ, ಆ ಧೂಳು, ಅದರ ಆಚೆಗೆ ಹದಿನಾಲ್ಕು ವರ್ಷದ ಅಕ್ಕ ಸ್ಟಿಯರಿಂಗ್ ಹಿಡಿದು ಕೂತಿದ್ದಳು. ನಾನು ಆಗ ಡಿಕ್ಟೇಷನ್ ಬರೆಯುತ್ತಿದ್ದೆ.

“ನನಗ್ಯಾಕ ಹೇಳಲಿಲ್ಲ?”

“ಹೇಳಿದ್ರ ನೀನೂ ಬರ್ತೀನಿ ಅಂತ ಗೇಟಿನ್ಯಾಗ ಅಳ್ತಿದ್ದಿ. ಅವಾಗ ಹೇಳಲಿಲ್ಲ, ಆಮ್ಯಾಲೆ ಹೇಳಾಕ ಬರಲಿಲ್ಲ. ಈ ಮನಿಗೆ ಟ್ರ್ಯಾಕ್ಟರ್ ಬಂದಾಗ, ನಾನು ಹೊಡೀಲೇನು ಅಂತ ಕೇಳಿದೆ. ಎಲ್ಲಾರೂ ನಕ್ರು. ನಾನೂ ನಕ್ಕೆ.”

ನಾನು ಪರ್ಸಿನಿಂದ ಟ್ಯೂಬು ತೆಗೆದೆ. ಒಮ್ಮೆ ಬೆಳಕು ಕಂಡ ಪುಟ್ಟಿ ಯಾವ ದ್ರವಕ್ಕೂ ಕರಗುವುದಿಲ್ಲ, ಕೆರೆಯಲೇಬೇಕು. ಗ್ಲೌಸು ಹಾಕಿಕೊಂಡು ನೇಲ್ ಫೈಲಿನಿಂದ ಅಷ್ಟು ಜಾಗದ ಬಣ್ಣವನ್ನೂ ನನ್ನ ವೆರಿ ಗುಡ್ಡನ್ನೂ ಕೆರೆದು ತೆಗೆದೆ. ಎಳ್ಳಿನಷ್ಟು ಹೊಸ ಪುಟ್ಟಿ ಇಟ್ಟೆ. ಹಸಿ ಪುಟ್ಟಿ ಅಕ್ಕನ ಚರ್ಮಕ್ಕೆ ತಾಗಬಾರದು, ಗ್ಲೌಸು ಕೊಟ್ಟರೆ “ಅದನ್ನ ಹಾಕ್ಕೊಂಡ್ರ ನನಗೇನು ತಿಳೀತೈತಿ?” ಅಂದಳು. ಊದಿನಕಡ್ಡಿ ಪ್ಯಾಕಿನ ಪಾರದರ್ಶಕ ಹಾಳೆಯ ಚೂರು ಕತ್ತರಿಸಿ ಪುಟ್ಟಿಯ ಮೇಲೆ ಹಾಸಿದೆ.

“ಈಗ ಒತ್ತು. ಬಾಗಲ ಕಡೆ ನಾನು ಅಡ್ಡ ಕುಂತೀನಿ. ಎಷ್ಟು ಹೊತ್ತಾದ್ರೂ ತಗೋ. ಆತು ಅಂದಾಗ ಬೆಳಕು ಹಿಡೀತೀನಿ.”

ಅವಳು ಕಿರುಬೆರಳ ಉಗುರಿನಿಂದ ಮೆಲ್ಲಗೆ ಒತ್ತಿದಳು, ಸವರಿದಳು. “ಇಷ್ಟಲ್ಲ. ಚೂರು ಹಿಂದಕ್ಕ.” ಮತ್ತೆ ಒತ್ತಿದಳು. “ಇಲ್ಲ, ಇಲ್ಲಿ ಏರಬೇಕು.” ಅವಳ ಮುಖವನ್ನು ನೋಡುತ್ತಾ ನಾನು ಎಲ್ಲಿ ಕೂತಿದ್ದೇನೆ ಅನ್ನುವುದನ್ನೇ ಮರೆತು ಅವಳ ಕಡೆಗೆ ಬಾಗಿಬಿಟ್ಟಿದ್ದೆ. ಪಡುವಣ ಬಾಗಿಲು. ಇಳಿಬಿಸಿಲು ಹೊಸ್ತಿಲು ದಾಟಿ, ಚಾಪೆ ದಾಟಿ, ಅಕ್ಕನ ಮಡಿಲಿಗೆ ಬಂದಿತ್ತು.

“ಯಾಕ ಬಗ್ಗವಲ್ದು?” ಅಂದಳು.

“ಬಿಸಿಲು ಬಂತು ಅಕ್ಕ. ಗಟ್ಟಿ ಆಗಿಬಿಟ್ಟೈತಿ. ಸಾರಿ, ನಾನು ನೋಡಲಿಲ್ಲ. ತಡಿ, ಕೆರೆದು ಮತ್ತ...”

ಅವಳು ಹಾಳೆಯನ್ನು ಸುಲಿದು ಬರಿ ಬೆರಳು ಇಟ್ಟಳು. ಮುಂದಕ್ಕೆ, ಹಿಂದಕ್ಕೆ. ನಿಂತಿತು.

“ಬ್ಯಾಡ. ಹಿಂಗ ಇತ್ತು. ಇದ ನಮ್ದು.”

ಅಭ್ಯಾಸಬಲದಿಂದ ನಾನು ಅಂಟು ಒರೆಸಿ ಪಾಲಿಶ್ ಕಾಗದ ಹುಡುಕುತ್ತಿದ್ದೆ. ಸಪ್ಪಳ ಕೇಳಿ, “ಅದನ್ನ ಒಳಗಿಡು ತಾಯಿ” ಅಂದಳು. ಆಮೇಲೆ ಜೀಪನ್ನು ತೊಡೆಯ ಮೇಲೆ ನೇರ ಮಾಡಿಕೊಂಡು, ಚಾಪೆಯ ಬಲಗಡೆ ತಟ್ಟಿದಳು.

“ಬಾ, ಈಕಡೆ ಕುಂದ್ರು. ವಾಪಸ್ ಹೋಗೋಣು.”

ಅವಳ ಬಲಕ್ಕೆ ಹೋಗಿ ಕೂತೆ.

“ಮೊದ್ಲು ಸ್ಟಾರ್ಟ್ ಮಾಡಿ ಕನ್ನಡಿ ನೋಡಬೇಕು. ಸಣ್ಣಾಕಿ ಒಳಗ ಹೋದ ಮ್ಯಾಲೆನ ಗಾಡಿ ಬಿಡಬೇಕು, ಅದು ಅಪ್ಪನ ರೂಲು.”

“ನಾನು ಒಳಗ ಹೋಗ್ತಿದ್ದಿಲ್ಲಲ್ಲ. ಜೀಪು ಹೋಗೋ ತನಕ ಅಲ್ಲೇ ನಿಂತಿರ್ತಿದ್ದೆ.”

“ಅದಕ್ಕ ಅಷ್ಟು ಹೊತ್ತು ಆಗ್ತಿತ್ತು. ನೀನು ಹೋಗವಲ್ಲಿ, ನಾವು ಹೋಗವಲ್ಲಿವಿ. ಕಡೀಗೆ ಅಪ್ಪನ ಸೋತು ಬಿಡ್ತಿದ್ದ.”

ಎಂಜಿನ್ ಬಿಸಿಯಾಗಲಿ ಅಂತ ಕಾಯುತ್ತಿದ್ದಾನೆ ಅಂತಲೇ ನಾನು ಇಷ್ಟು ವರ್ಷ ತಿಳಿದಿದ್ದೆ.

“ಇವತ್ತು ಗೇಟಿನ್ಯಾಗ ಯಾರೂ ಇಲ್ಲ” ಅಂದಳು ಅಕ್ಕ. ಅವಳ ಕಿರುಬೆರಳು ಸ್ಟಿಯರಿಂಗಿನ ಮೇಲಿತ್ತು. “ಗಟ್ಟಿ ಹಿಡ್ಕೋ, ಮುಂದ ತಗ್ಗು ಅದಾವು.”

ನಾನು ಚಾಪೆಯ ಅಂಚು ಹಿಡಿದುಕೊಂಡೆ.